ಮಾಥೇರಾನ್ ರೈಲಿಗೆ ಆಟಿಕೆ ಅನ್ನಬೇಡ್ರಿ

ಸದಾಶಿವ ಪೇಠೆಯಲ್ಲಿ ನಿಂತು ಚಿಕ್ಕ ರೈಲಿನ ಮಾತು ತೆಗೆದರೆ ಎಲ್ಲರಿಗೂ ಮೊದಲು ನೆನಪಾಗೋದು ಪೇಶ್ವೆ ಪಾರ್ಕಿನ ‘ಫುಲರಾಣಿ’. 1956ರಿಂದ ಪುಣೆಯ ಮಕ್ಕಳನ್ನು ಸುತ್ತು ಹಾಕಿಸಿದ ಗಾಡಿ. ಅದು ಆಟಿಕೆ, ಒಪ್ಪಿದೆ. ಆದರೆ ನೇರಳದಿಂದ ಮಾಥೇರಾನ್ ಬೆಟ್ಟ ಹತ್ತುವ ರೈಲಿಗೂ ನಾವು ‘ಟಾಯ್ ಟ್ರೇನ್’ ಅಂತೀವಲ್ಲ, ಅಲ್ಲೇ ನನ್ನ ತಕರಾರು.

ನಾನು ಅದನ್ನ ಉಗಿ ಎಂಜಿನ್ ಇದ್ದಾಗ ಹತ್ತಿದವನು. 1978ರ ಮೇ ತಿಂಗಳು. ಪುಣೆಯಿಂದ ಕರ್ಜತ್, ಅಲ್ಲಿಂದ ಲೋಕಲ್ ಹಿಡಿದು ನೇರಳ. ಎರಡು ಹಳಿಗಳ ನಡುವೆ ಎರಡೇ ಅಡಿ ಜಾಗ. ಎದುರಿಗೆ ಕೂತವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗ್ತಿತ್ತು. ಕಿಟಕಿಯಾಚೆ ತಲೆ ಹಾಕಿದರೆ ಕಣ್ಣಿಗೆ ಮಸಿ ಬೀಳೋದು. ಆದರೂ ಯಾರೂ ತಲೆ ಒಳಗೆ ತಗೊಳ್ಳಲಿಲ್ಲ! ನಡುವೆ ‘ವಾಟರ್ ಪೈಪ್’ ಅಂತ ಒಂದು ಸ್ಟೇಷನ್. ಹೆಸರೇ ಹೇಳುತ್ತೆ, ಎಂಜಿನ್ ನೀರು ಕುಡಿಯೋ ಜಾಗ. ನನಗೆ ಎಲ್ಲಕ್ಕಿಂತ ಹಿಡಿಸಿದವರು ಬ್ರೇಕಿನವರು. ಬೋಗಿಗಳಲ್ಲಿ ನಿಂತು, ಎಂಜಿನ್ ಸೀಟಿ ಕೇಳಿ, ಕೈಯಿಂದಲೇ ಬ್ರೇಕ್ ಬಿಗಿ ಮಾಡೋರು. ಇಳಿಯುವಾಗ ನಮ್ಮ ಜೀವ ಅವರ ಕೈಯಲ್ಲಿ.

ಸುಮಾರು 21 ಕಿಲೋಮೀಟರ್ ದಾರಿ. ಕಡಿದಾದ ಕಡೆ 20 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಮುಂಬೈಯ ಸರ್ ಆದಮ್‌ಜಿ ಪೀರ್‌ಭಾಯ್ ಮನೆತನದ ದುಡ್ಡಿನಲ್ಲಿ 1904ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಗಾಡಿ ಓಡಿತು. ಎಂಜಿನ್‌ಗಳು ಜರ್ಮನಿಯ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್‌ನವು. ಆರು ಗಾಲಿಯ ಎಂಜಿನ್ ಇಷ್ಟು ಬಿಗಿ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳಬೇಕು, ಅಲ್ವಾ? ಅದಕ್ಕೇ ಮುಂದಿನ, ಹಿಂದಿನ ಗಾಲಿಗಳನ್ನು ಟೊಳ್ಳು ಅಚ್ಚಿಗೆ ಕೂಡಿಸಿ, ಅದರೊಳಗೆ ಗಟ್ಟಿ ಅಚ್ಚು ಹಾಕಿದ್ರು. ಹೊರಗಿನದು ತಿರುವಿಗೆ ತಕ್ಕಂತೆ ಸ್ವಲ್ಪ ವಾಲುತ್ತೆ. ಕ್ಲೀನ್-ಲಿಂಡ್ನರ್ ಅಚ್ಚು ಅಂತ ಅದಕ್ಕೆ ಹೆಸರು. ಆಟಿಕೆಗೆ ಯಾರಾದರೂ ಇಷ್ಟು ತಲೆ ಕೆಡಿಸಿಕೊಳ್ತಾರೇನ್ರಿ?

ಇದಕ್ಕೆ ಸಲಹೆ ಕೊಟ್ಟ ಎಂಜಿನಿಯರ್ ಎವರಾರ್ಡ್ ಕಾಲ್‌ಥ್ರಾಪ್. ನಮ್ಮ ಕಡೆಯ ಪಂಢರಪುರ ಯಾತ್ರಿಕರನ್ನ ಕುರ್ಡುವಾಡಿಯಿಂದ ಒಯ್ಯುತ್ತಿದ್ದ ಬಾರ್ಶಿ ಲೈಟ್ ರೈಲ್ವೆ ಕೂಡ ಅವನದೇ, 1897ರದ್ದು. ಬಾರ್ಶಿಯಲ್ಲಿ ಕಲಿತದ್ದನ್ನು ಅವನು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಗುಡ್ಡಗಳಿಗೆ ಒಯ್ದ. ಅಲ್ಲಿಯ ಲೀಕ್ ಅಂಡ್ ಮ್ಯಾನಿಫೋಲ್ಡ್ ಲೈನು 1904ರಲ್ಲಿ ಶುರುವಾಗಿ 1934ರಲ್ಲಿ ಮುಚ್ಚಿತು. ಈಗ ಅಲ್ಲಿ ಕಾಲುದಾರಿ. ವಿದ್ಯೆ ವಿಲಾಯತಿಯಿಂದಲೇ ಬರಬೇಕು ಅನ್ನೋರಿಗೆ ನಾನು ಈ ಕಥೆ ಹೇಳ್ತೀನಿ.

ಮಾಥೇರಾನ್ ಊರೊಳಗೆ ನಮ್ಮ ನಿಮ್ಮ ಮೋಟಾರು ಬಿಡೋದಿಲ್ಲ. ಕಾರು ದಸ್ತುರಿಯಲ್ಲೇ ನಿಲ್ಲಬೇಕು. ಅಲ್ಲಿಂದ ಮುಂದೆ ಅಕ್ಕಿ, ಸಿಲಿಂಡರ್, ಸಿಮೆಂಟು, ಎಲ್ಲಾ ಕುದುರೆ ಮೇಲೆ, ಕೈಗಾಡಿಯಲ್ಲಿ, ಇಲ್ಲಾ ರೈಲಿನಲ್ಲಿ. 2005ರ ಮಳೆಗೆ ಹಳಿ ಕೊಚ್ಚಿಹೋಯ್ತು, 2007ರವರೆಗೆ ಗಾಡಿಯಿಲ್ಲ. 2019ರಲ್ಲಿ ಮತ್ತೆ ಅದೇ. ನೇರಳದಿಂದ ಮೇಲಕ್ಕೆ ಪೂರಾ ಓಡಿದ್ದು 2022ರ ಅಕ್ಟೋಬರ್‌ನಲ್ಲಿ. ಪ್ರವಾಸಿಗರಿಗೆ ಒಂದು ರಜೆ ತಪ್ಪಿತು, ಅಷ್ಟೇ. ಅಲ್ಲಿಯ ಅಂಗಡಿಯವನಿಗೆ, ಕೆಳಗೆ ಆಸ್ಪತ್ರೆಗೆ ಹೋಗಬೇಕಾದ ಮುದುಕಿಗೆ ಮೂರು ವರ್ಷ.

ಉಗಿ ಎಂಜಿನ್‌ಗಳು 1980ರ ದಶಕದಲ್ಲಿ ನಿಂತವು. ಒಂದು ದೆಹಲಿಯ ರೈಲು ಮ್ಯೂಸಿಯಂನಲ್ಲಿದೆ, ಒಂದು ಇಂಗ್ಲೆಂಡಿಗೆ ಹೋಗಿದೆ, ಒಂದು ನೇರಳ ಸ್ಟೇಷನ್‌ನಲ್ಲೇ ನಿಂತಿದೆ. ಮಳೆಗಾಲದಲ್ಲಿ ಕೆಳಗಿನ ಗಾಡಿ ಇರಲ್ಲ, ಅಮನ್ ಲಾಜ್‌ನಿಂದ ಮೇಲಷ್ಟೇ ಶಟಲ್. ಹಾಗಾಗಿ ದೀಪಾವಳಿ ಆದಮೇಲೆ ಹೋಗ್ರಿ. ಏನಾದರೂ ಕೇಳೋದಿದ್ದರೆ ಈಗ ಕೇಳ್ರಿ.