ಕುದುರೆಯ ಪಕ್ಕದಲ್ಲಿ ನಿಂತ ಮಗು

ಸಾವು ನಡೆದ ಮನೆಯಲ್ಲಿ ದೊಡ್ಡವರಿಗೆ ಸಮಾಧಾನ ಹೇಳಲು ಬಂಧುಬಳಗ ಬರುತ್ತದೆ. ಮಗುವಿಗೆ ಮಾತ್ರ ‘ಅಪ್ಪ ಊರಿಗೆ ಹೋಗಿದ್ದಾರೆ’ ಎಂಬ ಸುಳ್ಳು. ಅದು ಮಾತು ಬಿಡುತ್ತದೆ, ಊಟ ಬಿಡುತ್ತದೆ.

1998ರಲ್ಲಿ ತೆರೆಕಂಡ ಅಮೆರಿಕದ ಚಿತ್ರ ‘ದಿ ಹಾರ್ಸ್ ವಿಸ್ಪರರ್’ನ ಹುಡುಗಿ ಗ್ರೇಸ್ ಹೀಗೆಯೇ ಮೌನಕ್ಕೆ ಜಾರಿದವಳು. ಹಿಮದ ದಾರಿಯಲ್ಲಿ ಲಾರಿ ಬಡಿದು ಜೀವದ ಗೆಳತಿ ಸಾಯುತ್ತಾಳೆ. ಇವಳು ಒಂದು ಕಾಲು ಕಳೆದುಕೊಳ್ಳುತ್ತಾಳೆ. ಗಾಯಗೊಂಡ ಅವಳ ಕುದುರೆ ಪಿಲ್ಗ್ರಿಮ್ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದು. ತಾಯಿ ಇಬ್ಬರನ್ನೂ ಮೊಂಟಾನಾದಲ್ಲಿರುವ, ಕುದುರೆ ಪಳಗಿಸುವವನೊಬ್ಬನ ಬಳಿಗೆ ಕರೆದೊಯ್ಯುತ್ತಾಳೆ. ಬೆದರಿದ ಕುದುರೆ ತಾನಾಗಿ ಬರುವ ತನಕ ಆತ ಹುಲ್ಲುಗಾವಲಿನಲ್ಲಿ ಸುಮ್ಮನೆ ಕೂತು ಕಾಯುತ್ತಾನೆ. ಇಡೀ ಚಿತ್ರದಲ್ಲಿ ನನಗೆ ದೊಡ್ಡದೆನಿಸುವುದು ಆ ತಾಳ್ಮೆ.

ಇದು ಬರೀ ಕತೆಯಲ್ಲ. ಕುದುರೆ ಎದುರಿಗಿರುವವರ ಮೈಯ ಬಿಗುವನ್ನು ಬೇಗ ಗುರುತಿಸುತ್ತದೆ. ಫೋಟೋದಲ್ಲಿ ಸಿಟ್ಟಿನ ಮುಖ ಕಂಡರೂ ಅದರ ಎದೆಬಡಿತ ಬೇಗ ಏರುತ್ತದೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಹಾಗಾಗಿ ಅದರ ಬಳಿ ಹೋಗುವ ಮಗು ತನ್ನ ಉಸಿರನ್ನೇ ನಿಧಾನಿಸಬೇಕು. ಕುತ್ತಿಗೆ ಸವರಬೇಕು, ಜೂಲಿನ ಸಿಕ್ಕು ಬಿಡಿಸಬೇಕು, ಗೊರಸಿಗೆ ಮೆತ್ತಿದ ಮಣ್ಣು ಕೆರೆಯಬೇಕು. ಅಷ್ಟರಲ್ಲಿ ಒಂದು ಕಿವಿ ಇತ್ತ ತಿರುಗುತ್ತದೆ, ಬಿಸಿಯುಸಿರು ಅಂಗೈಗೆ ತಾಗುತ್ತದೆ. ‘ಅಳಬೇಡ’ ಎನ್ನುವವರು ಅಲ್ಲಿ ಯಾರೂ ಇಲ್ಲ.

ಎಲ್ಲ ಮಕ್ಕಳಿಗೂ ಕುದುರೆ ಸಿಗದು, ನಿಜ. ಆದರೆ ಹೆತ್ತವರನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ಮಗು ನಿಮ್ಮ ಬಳಗದಲ್ಲಿದ್ದರೆ, ಇವತ್ತೇ ಹೋಗಿ ಅದರ ಪಕ್ಕ ಕುಳಿತುಕೊಳ್ಳಿ. ಅದು ಬಾಯಿಬಿಟ್ಟಾಗ, ತೀರಿಹೋದವರ ಹೆಸರೆತ್ತಲು ದಯವಿಟ್ಟು ಅಂಜಬೇಡಿ.