ಪಹಣಿಯಲ್ಲಿ ಬರೆದ ಹೆಸರು



ಭೂಮಿಯ ಒಡೆತನವನ್ನು ಬರೆದಿಡುವ ಪದ್ಧತಿಯು ಕನ್ನಡ ನಾಡಿಗೆ ಹೊಸದಲ್ಲ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ದಾನಶಾಸನಗಳು ಇಷ್ಟು ಮತ್ತರು ಭೂಮಿಯೆಂದು ಅಳತೆಯನ್ನು ಹೇಳಿ, ಹಳ್ಳ ದಿಣ್ಣೆ ಮರಗಳನ್ನು ಗುರುತಿಟ್ಟು ಚತುಸ್ಸೀಮೆಯನ್ನು ವಿವರಿಸಿ, ಅದನ್ನು ಅಪಹರಿಸಿದವನಿಗೆ ಶಾಪವನ್ನೂ ವಿಧಿಸುವುವು. ಕೊಟ್ಟವನ ಹೆಸರು, ಪಡೆದವನ ಹೆಸರು ಆ ಕಲ್ಲಿನಲ್ಲಿ ಉಂಟು. ಉತ್ತವನ ಹೆಸರನ್ನು ಹುಡುಕಿದರೆ ಸಿಕ್ಕುವುದು ಅಪರೂಪ. ಕಲ್ಲು ಹೋಗಿ ಕಾಗದವು ಬಂದಾಗಲೂ, ಕಾಗದವು ಹೋಗಿ ಗಣಕಯಂತ್ರವು ಬಂದಾಗಲೂ, ಯಾರ ಹೆಸರು ದಾಖಲಾಯಿತು, ಯಾರದು ಬಿಟ್ಟುಹೋಯಿತು ಎಂಬುದರ ಮೇಲೆಯೇ ಒಕ್ಕಲು ಮನೆತನಗಳ ಏಳುಬೀಳು ಬಹುಮಟ್ಟಿಗೆ ನಿಂತಿದೆ.

ಈಗಿನ ದಾಖಲೆಗಳ ಬೇರು ಮುಂಬಯಿ ಆಧಿಪತ್ಯದ ಮೋಜಣಿಯಲ್ಲಿದೆ. 1835ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಒಂದೊಂದು ಹೊಲವನ್ನೂ ಅಳೆಯಿಸಿ, ಅದಕ್ಕೊಂದು ನಂಬರನ್ನು ಕೊಟ್ಟು, ಮಣ್ಣಿನ ಗುಣವನ್ನು ನೋಡಿ ಆಕಾರವನ್ನು ಕಟ್ಟಿ, 30 ವರ್ಷಗಳವರೆಗೆ ಅದನ್ನು ಹೆಚ್ಚಿಸುವುದಿಲ್ಲವೆಂದು ಗೊತ್ತುಪಡಿಸಿದರು. ಈ ಕ್ರಮವೇ ಮುಂದೆ ಧಾರವಾಡ, ಬೆಳಗಾವಿ ಸೀಮೆಗಳಿಗೆ ಹಬ್ಬಿತು. ಮೈಸೂರಿನಲ್ಲಿಯೂ 1863ರಲ್ಲಿ ಇದೇ ಮಾದರಿಯ ಮೋಜಣಿ ಇಲಾಖೆಯು ಏರ್ಪಟ್ಟಿತು. ರೈತನಿಗೆ ಇದರಿಂದ ಲಾಭವಾಗಲಿಲ್ಲವೆನ್ನುವಂತಿಲ್ಲ. ತನ್ನ ಹೊಲ ಯಾವುದು, ತಾನು ಕೊಡಬೇಕಾದುದೆಷ್ಟು ಎಂಬುದು ಅವನಿಗೆ ನಿಶ್ಚಿತವಾಯಿತು. ಆದರೆ ನಿಶ್ಚಿತವಾದ ಹೊಲವು ಮಾರಲಿಕ್ಕೂ ಒತ್ತೆಯಿಡಲಿಕ್ಕೂ ಯೋಗ್ಯವಾದ ವಸ್ತುವಾಯಿತು. ಹಿಂದೆ ಬೆಳೆಯನ್ನು ನೋಡಿ ಸಾಲ ಕೊಡುತ್ತಿದ್ದ ಸಾಹುಕಾರನು ಈಗ ನೆಲವನ್ನೇ ನೋಡಿ ಕೊಡತೊಡಗಿದನು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಅರಳೆಯ ಧಾರಣೆಯು ಬಿದ್ದುಹೋದ ಮೇಲೆ, ಕಂದಾಯವೂ ಏರಿದಾಗ, ಕಾಗದವು ಕೋರ್ಟಿನ ಮೆಟ್ಟಿಲನ್ನು ಹತ್ತಿತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ ಹೆಚ್ಚಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ರೈತರಿಗೆ ಪರಿಹಾರವೆಂದು 1879ರಲ್ಲಿ ಸರಕಾರವು ವಿಶೇಷ ಕಾಯಿದೆಯೊಂದನ್ನೇ ಮಾಡಬೇಕಾಯಿತು. ಸಾಹುಕಾರನಿಗೆ ಪ್ರತಿಯಾಗಿ ರೈತರೇ ಕೂಡಿ ಸಾಲ ಕೊಟ್ಟುಕೊಳ್ಳುವ ಮಾರ್ಗವು 1905ರಲ್ಲಿ ಗದಗ ಸೀಮೆಯ ಕಣಗಿನಹಾಳದ ಸಹಕಾರ ಸಂಘದಿಂದ ಈ ನಾಡಿನಲ್ಲಿ ತೆರೆಯಿತು.

ಮೋಜಣಿಗೆ ಇನ್ನೊಂದು ದೋಷವಿತ್ತು. ಕಂದಾಯ ಕೊಡುವವನೊಬ್ಬನು ಸರಕಾರಕ್ಕೆ ಸಾಕಾಗಿದ್ದುದರಿಂದ ಖಾತೆದಾರನ ಹೆಸರೊಂದೇ ಲೆಕ್ಕದಲ್ಲಿ ನಿಂತಿತು. ಆ ನಂಬರಿನಲ್ಲಿ ಹಕ್ಕುಳ್ಳ ತಮ್ಮಂದಿರು, ಒತ್ತೆ ಹಿಡಿದವರು, ಗೇಣಿಗೆ ಉಳುವವರು ಬರಹದ ಹೊರಗೆ ಉಳಿದರು. ಇದನ್ನು ತಿದ್ದುವುದಕ್ಕಾಗಿಯೇ ಮುಂಬಯಿ ಸರಕಾರವು 1903ರಲ್ಲಿ ಹಕ್ಕುಪತ್ರಕದ ಕಾಯಿದೆಯನ್ನು ತಂದಿತು.

ಉಳುವವನ ಹೆಸರಿಗೆ ಎಷ್ಟು ಬೆಲೆಯೆಂಬುದು 1974ರಲ್ಲಿ ಎಲ್ಲರ ಕಣ್ಣಿಗೆ ಬಿದ್ದಿತು. ಶ್ರೀ ದೇವರಾಜ ಅರಸರವರ ಸರಕಾರವು ಮಾಡಿದ ಭೂಸುಧಾರಣೆಯ ತಿದ್ದುಪಡಿಯಂತೆ ಆ ವರ್ಷದ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಗೇಣಿದಾರನು 7ನೆಯ ನಮೂನೆಯ ಅರ್ಜಿಯಿಂದ ಭೂನ್ಯಾಯಮಂಡಳಿಯ ಮುಂದೆ ಅಧಿಭೋಗದ ಹಕ್ಕನ್ನು ಕೇಳಬಹುದಾಯಿತು. ಮಠಗಳ ಗೇಣಿಭೂಮಿಗೂ ಇದು ಅನ್ವಯಿಸಿತು. ಅವುಗಳಿಗೆ ವರ್ಷಾಸನವು ಗೊತ್ತಾಯಿತು. ಭೂಮಿಯು ಮಠವನ್ನು ಬಿಟ್ಟು ಮಠದ ಒಕ್ಕಲಿನ ಕೈಸೇರಿದ್ದನ್ನು ಹಾನಿಯೆಂದು ಎಣಿಸತಕ್ಕದ್ದಲ್ಲ. ಪಹಣಿಯ 9ನೆಯ ಅಂಕಣದಲ್ಲಿ ಒಡೆಯನ ಹೆಸರು, 12ನೆಯ ಅಂಕಣದಲ್ಲಿ ಸಾಗುವಳಿದಾರನ ಹೆಸರು. ಮಂಡಳಿಯ ಮುಂದೆ ಈ 12ನೆಯ ಅಂಕಣವೇ ಬಡವನ ದೊಡ್ಡ ಸಾಕ್ಷಿಯಾಯಿತು. ಅದರಲ್ಲಿ ಹೆಸರಿದ್ದವನು ಧೈರ್ಯವಾಗಿ ನಿಂತನು. ತಲೆಮಾರುಗಳಿಂದ ಉತ್ತಿದ್ದರೂ ಹೆಸರಿಲ್ಲದವನು ನೆರೆಹೊರೆಯವರ ಬಾಯಿಮಾತನ್ನು ನಂಬಬೇಕಾಯಿತು. ಒಡೆಯನ ದಾಕ್ಷಿಣ್ಯಕ್ಕೋ ಭಯಕ್ಕೋ ಸಿಕ್ಕು ಅರ್ಜಿಯನ್ನೇ ಹಾಕದವರೂ ಉಂಟು. ಅವಧಿಯನ್ನು ಬೆಳೆಸುತ್ತ ಹೋಗಿ ಕಡೆಗೆ 1979ರ ಜೂನ್ 30ಕ್ಕೆ ಬಾಗಿಲು ಮುಚ್ಚಿತು.

ಹಕ್ಕು ಪಡೆದ ಮನೆಗಳಲ್ಲಿಯೂ ಹೊಸ ತೊಡಕು ಹುಟ್ಟದಿರಲಿಲ್ಲ. ದುಡಿದವರು ನಾಲ್ವರು ಅಣ್ಣತಮ್ಮಂದಿರು; ಅರ್ಜಿಗೆ ಸಹಿ ಹಾಕಿದವನು ಹಿರಿಯನೊಬ್ಬನು; ಹಕ್ಕುಪತ್ರವು ಅವನ ಹೆಸರಿಗೇ ಬಂದಿತು. ಅವನು ಬದುಕಿರುವವರೆಗೆ ಮಾತಿಲ್ಲ. ಅವನ ಮಕ್ಕಳ ಕಾಲಕ್ಕೆ, ಅದು ಕೂಡುಕುಟುಂಬದ ಗೇಣಿಯೋ ಒಬ್ಬನ ಸ್ವಂತ ಗೇಣಿಯೋ ಎಂಬ ವ್ಯಾಜ್ಯವು ಎದ್ದಿತು. ಕುಟುಂಬದ ಪರವಾಗಿ ಪಡೆದ ಹಕ್ಕು ಕುಟುಂಬಕ್ಕೇ ಸಲ್ಲುವುದೆಂಬುದು ನ್ಯಾಯವೇ ಸರಿ. ಆದರೆ ಆ ನ್ಯಾಯವನ್ನು ಪಡೆಯುವಷ್ಟರಲ್ಲಿ ಎತ್ತು ಮಾರಿದ ಮನೆಗಳೆಷ್ಟೋ!

ಅದೇ ತಿದ್ದುಪಡಿಯು ಸೈನಿಕರು, ನಾವಿಕರು ಮೊದಲಾದವರಿಗೆ ವಿನಾಯಿತಿಯನ್ನಿಟ್ಟು, ಹೊಸದಾಗಿ ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಗೇಣಿಯು ನಿಲ್ಲಲಿಲ್ಲ, ಮಾತಿನಲ್ಲಿ ಅಡಗಿತು. ಹೆಸರು ಬರೆಯಿಸಿದರೆ ಹೊಲವೇ ಹೋದೀತೆಂದು ಒಡೆಯನು ಅಂಜಿದನು. 2019ರಲ್ಲಿ ಕೇಂದ್ರ ಸರಕಾರವು ರೈತಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಕೊಡುವ ಯೋಜನೆಯನ್ನು ಆರಂಭಿಸಿದಾಗಲೂ ಭೂದಾಖಲೆಯಲ್ಲಿ ಹೆಸರಿದ್ದವನೇ ರೈತನೆನಿಸಿದನು. ಕೋರಿಗೆ ಹಿಡಿದು ಬಿತ್ತಿದವನು ಗಣನೆಗೆ ಬರಲಿಲ್ಲ.

2000ದ ಸುಮಾರಿಗೆ ಭೂಮಿ ಎಂಬ ಯೋಜನೆಯಿಂದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಗ್ರಾಮಲೆಕ್ಕಿಗನ ದಫ್ತರವು ತೆರೆಯುವವರೆಗೆ ಕಾಯುತ್ತಿದ್ದವನು ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ತನ್ನ ಪಹಣಿಯನ್ನು ಪಡೆದನು. ಇದು ಸಣ್ಣ ಉಪಕಾರವಲ್ಲ. ಬೆಳೆಸಾಲಕ್ಕೆ, ಕೋರ್ಟಿನ ಜಾಮೀನಿಗೆ ಪಹಣಿಯೇ ಬೇಕು; ಕನ್ಯೆಯನ್ನು ಕೊಡುವವರೂ ಅದನ್ನು ಕೇಳಿ ನೋಡುವರು! ಆದರೆ ಯಂತ್ರವು ತನಗೆ ಕೊಟ್ಟ ಬರಹವನ್ನು ಕಾಯುವುದೇ ಹೊರತು ಸತ್ಯಾಸತ್ಯವನ್ನು ವಿಚಾರಿಸುವುದಿಲ್ಲ. 1964ರ ಭೂಕಂದಾಯ ಕಾಯಿದೆಯಂತೆ ಪಹಣಿಯ ನಮೂದು ವಿರುದ್ಧವಾದುದು ಸ್ಥಾಪಿತವಾಗುವವರೆಗೆ ಮಾತ್ರ ನಿಜವೆಂದು ಭಾವಿಸಲ್ಪಡುವುದು. ಒಡೆತನವನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ಹೀಗಿದ್ದರೂ ಸಾಲ ಕೊಡುವವನ, ಕೊಳ್ಳುವವನ ದೃಷ್ಟಿಗೆ ಅದರಲ್ಲಿದ್ದವನೇ ಒಡೆಯ. 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವುದಕ್ಕಿದ್ದ ನಿರ್ಬಂಧವು ತೆಗೆದುಹಾಕಲ್ಪಟ್ಟ ಮೇಲೆ, ಹೆಸರಿಲ್ಲದ ಹಕ್ಕುದಾರನ ಅಪಾಯವು ಹೆಚ್ಚಿತೆಂದೇ ಹೇಳಬೇಕು.

ಈಗ ಮನೆಯೊಳಗಿನ ಮಾತು. ನಾಲ್ಕು ಎಕರೆ ಇಪ್ಪತ್ತು ಗುಂಟೆಯ ಒಂದು ಮನೆತನವನ್ನು ಕಲ್ಪಿಸಿಕೊಂಡರೆ ಸಾಕು. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಯಜಮಾನನು ತೀರಿಕೊಂಡು ವರ್ಷಗಳಾದರೂ ಖಾತೆಯು ಅವನ ಹೆಸರಿನಲ್ಲಿಯೇ ಇದೆ. ಕಿರಿಯನು ಹೊಲದಲ್ಲಿ ದುಡಿಯುತ್ತಾನೆ. ಸೊಸೈಟಿಯಲ್ಲಿ ಅವನಿಗೆ ಬೆಳೆಸಾಲವಿಲ್ಲ, ಏಕೆಂದರೆ ಸತ್ತವನು ಸಹಿ ಹಾಕಲಾರನು. ನಡುವಣವನು ತೀರಿಕೊಂಡರೆ ಅವನ ಹೆಂಡತಿಯು ಮಾವನಿಂದ ಗಂಡನಿಗೆ, ಗಂಡನಿಂದ ತನಗೆ ಎಂದು ಎರಡು ಮೆಟ್ಟಿಲು ಹತ್ತಬೇಕು. ಪೌತಿ ಖಾತೆಯನ್ನು ಮಾಡಿಸದೆ ಇಷ್ಟು ಕಾಲ ತಳ್ಳಿದ್ದೇಕೆಂದರೆ, ಮಾಡಿಸಹೋದರೆ ತಂಗಿಯರ ಹೆಸರೂ ಬಂದೀತೆಂಬ ಅಳುಕು.

ಹೆಣ್ಣುಮಕ್ಕಳ ಹಕ್ಕು ಈಗ ಚರ್ಚೆಯ ವಿಷಯವಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕಿಗೆ ಕಾಯಿದೆ ಮಾಡಿತು. 1994ರಲ್ಲಿ ಕರ್ನಾಟಕದ ತಿದ್ದುಪಡಿಯು, 2005ರಲ್ಲಿ ಕೇಂದ್ರದ ತಿದ್ದುಪಡಿಯು ಮಗಳನ್ನು ಮಗನಂತೆಯೇ ಪಿತ್ರಾರ್ಜಿತಕ್ಕೆ ಸಮಭಾಗಿಯನ್ನಾಗಿ ಮಾಡಿದವು. 2005ರಲ್ಲಿ ತಂದೆಯು ಜೀವಿಸಿರಬೇಕೆಂಬ ಸಂಶಯವನ್ನೂ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ನಿವಾರಿಸಿತು. ಆದರೂ ನಡೆಯುವುದೇನು? ಹಕ್ಕು ಬಿಡುಗಡೆಯ ಪತ್ರವನ್ನು ಸಿದ್ಧಮಾಡಿಟ್ಟು, ಜಾತ್ರೆಗೆಂದು ಬಂದ ತಂಗಿಯನ್ನು ನೋಂದಣಿಯ ಕಚೇರಿಗೆ ಕರೆದೊಯ್ಯುವರು. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅವಳು ಹೆಬ್ಬೆಟ್ಟೊತ್ತುವಳು. ಇದನ್ನು ಪ್ರೀತಿಯ ತ್ಯಾಗವೆಂದು ಕರೆಯುವುದು ಸತ್ಯಕ್ಕೆ ದೂರ.

ಅಣ್ಣಂದಿರ ವಾದದಲ್ಲಿಯೂ ಹುರುಳಿಲ್ಲದಿಲ್ಲ. ನಾಲ್ಕೂವರೆ ಎಕರೆಯನ್ನು ಐದು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಮೂವತ್ತಾರು ಗುಂಟೆ. ಒಣಬೇಸಾಯದಲ್ಲಿ ಅದು ಒಂದು ಸಂಸಾರವನ್ನು ಹೊರಲಾರದು. ಆದರೆ ಹೆಸರು ಬರೆಯುವುದು ಬೇರೆ, ಬದು ಹಾಕುವುದು ಬೇರೆ. ಐವರ ಹೆಸರನ್ನೂ ಒಂದೇ ಪಹಣಿಯಲ್ಲಿಟ್ಟು ಕಿರಿಯನೊಬ್ಬನೇ ಉಳಬಹುದು. ಅಲ್ಲಿಯೂ ಕಷ್ಟವುಂಟು: ಜಂಟಿ ಪಹಣಿಯ ಮೇಲೆ ಸಾಲಕ್ಕೆ ಎಲ್ಲರ ಒಪ್ಪಿಗೆಯನ್ನು ಕೇಳುವರು, ಪೋಡಿಯಾಗದೆ ಪಾಲನ್ನು ಮಾರಲಾಗದು. ದೂರದ ಊರಲ್ಲಿರುವ ತಂಗಿಯನ್ನು ಸಹಿಗಾಗಿ ಕರೆಸುವುದು ವರ್ಷಕ್ಕೊಮ್ಮೆಯ ತೊಂದರೆ. ಒಂದು ಮನೆಯ ಹೆಣ್ಣುಮಗಳು ತನ್ನ ಪಾಲಿಗೆ ನ್ಯಾಯವಾದ ಹಣವನ್ನು ಪಡೆದು, ತಿಳಿದು ಬಿಟ್ಟುಕೊಟ್ಟರೆ ಯಾರೂ ಆಕ್ಷೇಪಿಸಲಾರರು. ಆ ಹಣವು ಪತ್ರದಲ್ಲಿ ಅಂಕಿಯಾಗಿ ಬರೆಯಲ್ಪಟ್ಟಿರಬೇಕು, ಅರಿಶಿನ ಕುಂಕುಮದ ಮಾತಿನಲ್ಲಿ ಅಲ್ಲ.

ಪೌತಿಯ ಅರ್ಜಿಗೆ ಮರಣಪತ್ರವೂ ವಂಶವೃಕ್ಷವೂ ಬೇಕು. ವಂಶವೃಕ್ಷದ ವಿವರವನ್ನು ಹೇಳಿ ಬರೆಯಿಸುವವರು ಮನೆಯವರೇ. ಗಂಡುಮಕ್ಕಳನ್ನಷ್ಟೇ ಹೇಳಿ ಮುಗಿಸುವ ತಪ್ಪು ಆರಂಭವಾಗುವುದು ಅಲ್ಲಿಯೇ. ಆಕ್ಷೇಪಣೆಯ ನೋಟೀಸು ಚಾವಡಿಯ ಗೋಡೆಗೆ ಅಂಟುವುದುಂಟು, ಆದರೆ ಗಂಡನ ಊರಿನಲ್ಲಿರುವವಳು ಅದನ್ನು ಓದಲಾರಳು. ಆದುದರಿಂದ ಆ ಹಾಳೆಯನ್ನು ಕಚೇರಿಗೆ ಒಯ್ಯುವ ಮೊದಲು, ಹಿರಿಯರ ತಿಥಿಗೆ ಎಲ್ಲರೂ ಕೂಡಿದ ದಿನವೇ, ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿಸುವುದು ಮೇಲು.