ಆಟದ ಬಯಲಿಗೊಂದು ಕಣ್ಣು
(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾವು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತೆಂಗಿನ ತೋಟ, ಎರಡು ಹಸು, ಈ ಹಾಲಿನ ಸಂಘ, ಇಷ್ಟೇ ನಮಗೆ ಗೊತ್ತಿರೋದು. ಆದರೂ ಇವತ್ತು ಹಾಲಿನ ಮಾತು ಬಿಟ್ಟು ಆಟದ ಬಯಲಿನ ಮಾತು ಎತ್ತುತ್ತಿದ್ದೇವೆ. ಬಯಲಿಗೆ ವಿಡಿಯೋ ಕ್ಯಾಮೆರಾ ಹಾಕಿಸಿ, ಪಂದ್ಯಗಳನ್ನು ಎಲ್ಲರೂ ಮೊಬೈಲಿನಲ್ಲಿ ನೋಡುವಂತೆ ಮಾಡಿ ಎಂದು ನಮ್ಮ ಯುವಕರು ಕೇಳಿದ್ದಾರೆ. ಸಂಘ ಕೈಜೋಡಿಸಬೇಕೇ ಬೇಡವೇ ಎಂಬುದು ಸರ್ವ ಸದಸ್ಯರ ಸಭೆಗೆ ಬರಲಿದೆ.

1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ನಮಗೆ ಪರೀಕ್ಷೆ ಹತ್ತಿರವಿತ್ತು. ಪುಸ್ತಕ ಮುಚ್ಚಿಟ್ಟು ಟಿ.ವಿ. ಇದ್ದವರ ಮನೆಯಲ್ಲಿ ಕಿಕ್ಕಿರಿದು ಕೂತೆವು. ವೆಂಕಟೇಶ್ ಪ್ರಸಾದ್ ಅವರು ಅಮೀರ್ ಸೊಹೈಲ್‌ರ ವಿಕೆಟ್ ಕೆಡವಿದಾಗ ಬೀದಿಯೇ ಎದ್ದು ಕುಣಿಯಿತು. ಅಲ್ಲಿಯ ಆಟ ಇಲ್ಲಿಗೆ ಬಂತು. ಆದರೆ ನಮ್ಮ ಹುಡುಗರ ಕಬಡ್ಡಿ ಹುಳಿಯಾರು ದಾಟಿ ಹೋಗಲಿಲ್ಲ.

ಈಗ ಕಾಲ ಬದಲಾಗಿದೆ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಆ ಓಟದ ಸುದ್ದಿ, ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹೋಗಿ ದೇಶವೇ ಅವರ ಹೆಸರು ಹೇಳಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ನಮ್ಮ ದೇಶದ ಗಂಡಸರೂ ಗೆದ್ದರು, ಹೆಂಗಸರೂ ಗೆದ್ದರು. ಗೆದ್ದ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಆಟವನ್ನೂ ಜಗತ್ತು ನೋಡುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು, ಮಂಡಿನೋವಿನಿಂದ ಬಯಲಿಗೆ ಬರಲಾಗದ ಅಜ್ಜಂದಿರು, ಎಲ್ಲರೂ ನೋಡಬಹುದು.

ಆದರೆ ಒಂದು ಕಹಿಯನ್ನೂ ಹೇಳಲೇಬೇಕು. ಎರಡು ವರ್ಷದ ಹಿಂದೆ ಖೋ-ಖೋ ಆಡುತ್ತಾ ನಮ್ಮ ಅಣ್ಣನ ಮಗಳು ಜಾರಿ ಬಿದ್ದಳು. ಯಾರೋ ಮೊಬೈಲಿನಲ್ಲಿ ಹಿಡಿದು, ಅಷ್ಟನ್ನೇ ಕತ್ತರಿಸಿ, ಹಾಡು ಸೇರಿಸಿ ಹಂಚಿದರು. ಜನ ನಕ್ಕರು. ನಾವೂ ಮೊದಲು ನಕ್ಕೆವು, ಸುಳ್ಳು ಹೇಳೋದು ಬೇಡ. ಅವಳು ಅಂದಿನಿಂದ ಬಯಲಿಗೆ ಕಾಲಿಟ್ಟಿಲ್ಲ.

ಹಾಗಾದರೆ ಕ್ಯಾಮೆರಾ ಬೇಡವೇ? ನಮ್ಮ ಡೇರಿಯನ್ನೇ ನೆನೆಯಿರಿ. ಲ್ಯಾಕ್ಟೋಮೀಟರ್ ಒಬ್ಬರ ಕೈಯಲ್ಲಿದ್ದಾಗ ದಿನಾ ಬೆಳಿಗ್ಗೆ ಜಗಳ. ಅಂಕಿ ಸದಸ್ಯರ ಕಡೆ ಕಾಣುವ ಯಂತ್ರ ಬಂದ ಮೇಲೆ ಅನುಮಾನ ಕಡಿಮೆಯಾಯಿತು. ಆದರೆ ಆ ಯಂತ್ರವನ್ನು ತೊಳೆದು ಸರಿಯಾಗಿಡುವುದು ಮನುಷ್ಯರೇ. ಕ್ಯಾಮೆರಾನೂ ಹಾಗೇ.

ತಾನೇ ತಿರುಗಿ ಚೆಂಡನ್ನು ಹಿಂಬಾಲಿಸುವ ಕ್ಯಾಮೆರಾಗಳೂ ಬಂದಿವೆ. 2020ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಅಂಥದೊಂದು ಕ್ಯಾಮೆರಾ, ಫುಟ್‌ಬಾಲ್ ಚೆಂಡು ಬಿಟ್ಟು ಲೈನ್ಸ್‌ಮನ್ ಅವರ ಬೋಳು ತಲೆಯನ್ನೇ ಮತ್ತೆ ಮತ್ತೆ ತೋರಿಸಿತಂತೆ! ನಮ್ಮ ಸಂಘದಲ್ಲಿ ಅಂಥ ತಲೆಗಳು ಬಹಳ ಇವೆ, ನಮ್ಮದೂ ಸೇರಿ. ಆದ್ದರಿಂದ ಕ್ಯಾಮೆರಾ ಪಕ್ಕ ಮನುಷ್ಯ ಇರಲೇಬೇಕು.

ನಮ್ಮ ಸಲಹೆ ಇಷ್ಟು. ಪಂದ್ಯ ಸಂಜೆ ನಡೆಯುವುದರಿಂದ ಕಂಬ ಪಡುವಣ ದಿಕ್ಕಿಗೆ ಇರಲಿ, ಬಿಸಿಲು ಕ್ಯಾಮೆರಾ ಕಣ್ಣಿಗೆ ಹೊಡೆಯೋದಿಲ್ಲ. ನೆಟ್ ಕೊಳ್ಳುವಾಗ ಇಲ್ಲಿಂದ ಕಳಿಸುವ ವೇಗ ಎಷ್ಟೆಂದು ಕೇಳಿ, ಇಳಿಸಿಕೊಳ್ಳುವ ವೇಗವಲ್ಲ. ಪಂದ್ಯದ ದಿನ ಮಾತ್ರ ಕ್ಯಾಮೆರಾ ನಡೆಯಲಿ, ಬಯಲು ಬಿಟ್ಟು ರಸ್ತೆಗಾಗಲಿ ಮನೆಗಾಗಲಿ ತಿರುಗಬಾರದು. ಹದಿನೆಂಟು ತುಂಬದ ಮಕ್ಕಳಿಗೆ ತಂದೆತಾಯಿಯ ಒಪ್ಪಿಗೆ ಬೇಕು, 2023ರ ದತ್ತಾಂಶ ಕಾನೂನಿನ ಆಶಯವೂ ಅದೇ. ಆಡುವ ಮಕ್ಕಳನ್ನೂ ಕೇಳಿ. ಒಬ್ಬಳು ಬೇಡ ಎಂದರೂ ಆ ಪಂದ್ಯ ಹೊರಗೆ ಹೋಗಬಾರದು. ಕತ್ತರಿಸಿ ಹಂಚುವವರನ್ನು ಯಾವ ಕಂಬವೂ ತಡೆಯುವುದಿಲ್ಲ, ನೋಡಿ ನಗದೇ ಇರುವ ಊರು ತಡೆಯಬಹುದು.

ಮೊನ್ನೆ ಈ ವಿಷಯವನ್ನು ಆ ಹುಡುಗಿಗೆ ಹೇಳಿದೆವು. ಅವಳು ಕೇಳಿದ್ದು ಒಂದೇ ಮಾತು: "ಚಿಕ್ಕಪ್ಪ, ಅದರ ಬೀಗದ ಕೈ ಯಾರ ಹತ್ರ ಇರುತ್ತೆ?" ನಮಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇವೆ. ನಿರ್ದೇಶಕರ ಹತ್ತಿರ ಬೇಡ, ಆಡುವ ಹೆಣ್ಣುಮಕ್ಕಳ ತಾಯಂದಿರಲ್ಲಿ ಒಬ್ಬರ ಹತ್ತಿರ ಇರಲಿ. ಇದಕ್ಕೆ ಸಭೆ ಒಪ್ಪಿದರೆ ನಮ್ಮ ಕೈ ಮೇಲೆತ್ತುತ್ತೇವೆ, ಒಪ್ಪದಿದ್ದರೆ ಇಲ್ಲ.